ಕಾರಣ ಹೇಳುವುದಿಲ್ಲ

ರಾಜಾಜಿನಗರ
12 ಫೆಬ್ರವರಿ 1957

ಚಿರಂಜೀವಿ ಶಿವಬಸಪ್ಪನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದವೂ ಹೊಸ ಶೆಡ್ಡಿನ ಬೀಗದ ಕೈಯೂ ತಲುಪಿದವು. ಬೀಗದ ಕೈ ನೋಡಿ ಸಂತೋಷವಾಯಿತು. ಕಾಗದ ಓದಿ ಮೈಯೆಲ್ಲ ಉರಿದುಹೋಯಿತು.

ಸಂಕ್ರಾಂತಿಗೆ ಬಂದವನು ನಾಲ್ಕು ದಿನ ಇದ್ದೆ, ಹೊಟ್ಟೆ ತುಂಬ ಹೋಳಿಗೆ ತಿಂದೆ, ನಗುನಗುತ್ತ ರೈಲು ಹತ್ತಿದೆ. ನನ್ನೆದುರು ಒಂದು ಮಾತಿಲ್ಲ. ದಾವಣಗೆರೆ ಮುಟ್ಟಿದ ಮೇಲೆ ಬರೆಯುತ್ತೀಯ: "ಊದುಬತ್ತಿ ಕಾರ್ಖಾನೆ ಅಂತ ಬೋರ್ಡು ಹಾಕಿದ್ದೇವೆ, ಒಳಗೆ ಬಂದರೆ ನೀನೊಬ್ಬಳೇ ಕೂತಿರುತ್ತೀಯ. ಹೆಂಗಸರೆಲ್ಲ ಎಲ್ಲಿ? ಗಂಧದ ಪುಡಿ ಕಲಸಿದ ಹಿಟ್ಟು ಬುಟ್ಟಿಗಟ್ಟಲೆ ಹೆಗ್ಗನಹಳ್ಳಿಗೆ ಹೋಗುತ್ತದೆ. ಅಲ್ಲಿ ಅದು ಏನಾಗುತ್ತದೆ ಅಂತ ಕಂಡವರು ಯಾರು?"

ನಾನು ಕಂಡಿದ್ದೇನೆ ಕಣಪ್ಪ. ಬತ್ತಿಯಾಗುತ್ತದೆ. ಆಮೇಲೆ ವಾಪಸು ಬರುತ್ತದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಮರೆತಂತಿದೆ. ನಿಮ್ಮ ಭಾವ ತೀರಿಕೊಂಡ ವರ್ಷ ನೀನು ಬಂಡವಾಳ ಕೊಟ್ಟೆ, ನಾನು ಈ ಮನೆಯ ಪಡಸಾಲೆಯಲ್ಲಿ ಹಿಟ್ಟು ಕಲಸಲು ಕೂತೆ. ಆಗ ಇಲ್ಲಿ ಮನೆಗಳಿಗಿಂತ ಸೈಟುಗಳ ಗುರುತಿನ ಕಲ್ಲುಗಳೇ ಹೆಚ್ಚಿದ್ದವು. ಹೆಗ್ಗನಹಳ್ಳಿಯ ಮುನಿರಾಜು ತರಕಾರಿ ಗಾಡಿ ಹೊಡೆದುಕೊಂಡು ಪೇಟೆಗೆ ಹೋಗಿ ಖಾಲಿ ವಾಪಸಾಗುತ್ತಿದ್ದ. ಅವನ ಹೆಂಡತಿ ಪಾಪಮ್ಮ ಮೊದಲ ಬುಟ್ಟಿ ತೆಗೆದುಕೊಂಡವಳು. ಅವಳನ್ನು ನೋಡಿ ಬೋರಮ್ಮ, ಬೋರಮ್ಮನನ್ನು ನೋಡಿ ಉಳಿದವರು. ಹಿಟ್ಟಿನ ಮೇಲೆ ಒದ್ದೆ ಗೋಣಿ ಹೊದಿಸಿ ಕೊಟ್ಟರೆ, ಅವರು ರಾಗಿ ಬೀಸಿ, ಎಮ್ಮೆ ಕರೆದು, ಮಗು ಮಲಗಿದಾಗ ಮಣೆ ಹಾಕಿಕೊಂಡು ಹೊಸೆಯುತ್ತಾರೆ. ಯಾವ ಹೊತ್ತಿನಲ್ಲಿ ಅಂತ ನಾನು ಕೇಳಿಲ್ಲ. ಆರು ವರ್ಷದಲ್ಲಿ ಅಂಗಡಿಗಳಿಂದ ಒಂದು ಕಟ್ಟೂ ಹಿಂದಿರುಗಿ ಬಂದಿಲ್ಲ.

ಈಗ ಎಲ್ಲರೂ ಎಂಟು ಗಂಟೆಗೆ ಶೆಡ್ಡಿಗೆ ಬರಬೇಕು, ಐದರವರೆಗೆ ಏಳಬಾರದು ಅನ್ನುತ್ತೀಯ. ಚಿಕ್ಕಂದಿನಲ್ಲಿ ಅವ್ವ ದೋಸೆಗೆ ರುಬ್ಬಿಟ್ಟರೆ ಹಿಟ್ಟು ಉಬ್ಬಿತೋ ಇಲ್ಲವೋ ಅಂತ ಗಳಿಗೆಗೊಮ್ಮೆ ಮುಚ್ಚಳ ತೆಗೆಯುತ್ತಿದ್ದೆ. ಇನ್ನೂ ಅದೇ ಬುದ್ಧಿ ನಿನಗೆ. ಹೊಸ ಶೆಡ್ಡನ್ನು ಸರಕು ಇಡಲು ಬಳಸುತ್ತೇನೆ. ಹೆಂಗಸರನ್ನು ಅವರ ಪಾಡಿಗೆ ಬಿಡು.

ನಿನ್ನ ಅಕ್ಕ
ಕಮಲಾಕ್ಷಮ್ಮ

*

ದಾವಣಗೆರೆ
21 ಫೆಬ್ರವರಿ 1957

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಮೇಲೆ ನನಗೆ ಅಪನಂಬಿಕೆ ಅಂತ ದಯವಿಟ್ಟು ತಿಳಿಯಬೇಡ. ಹೋದ ತಿಂಗಳು ಬೊಂಬಾಯಿಯ ವ್ಯಾಪಾರಿಯೊಬ್ಬರು ಬಂದಿದ್ದರು. ನಿಮ್ಮ ಕಾರ್ಖಾನೆ ತೋರಿಸಿ ಅಂದರು. ಖಾಲಿ ಪಡಸಾಲೆ, ಅದರಲ್ಲಿ ಕೂತ ನಮ್ಮ ಅಕ್ಕ, ಇದನ್ನು ಹೇಗೆ ತೋರಿಸಲಿ? ನಾಚಿಕೆಯಾಗಿ ಏನೋ ನೆಪ ಹೇಳಿ ಕಳಿಸಿದೆ. ರಾಜಾಜಿನಗರದ ಸುತ್ತ ಈಗ ಎಷ್ಟು ಕಾರ್ಖಾನೆಗಳು ಎದ್ದಿವೆ, ನೀನೇ ನೋಡುತ್ತಿದ್ದೀಯ. ಎಲ್ಲ ಕಡೆ ಗೇಟಿದೆ, ಗಂಟೆಯಿದೆ, ಹಾಜರಿ ಇದೆ. ಕಣ್ಣೆದುರು ಕೂತು ಮಾಡಿದರೇ ಅದು ಕೆಲಸ.

ಇಲ್ಲಿಯ ಒಂದು ಗಿರಣಿಯಲ್ಲಿ ಹಾಜರಿ ನೋಡಿಕೊಳ್ಳುತ್ತಿದ್ದ ಸೋಮಲಿಂಗಪ್ಪನನ್ನು ಗುಮಾಸ್ತನಾಗಿ ಕಳಿಸುತ್ತಿದ್ದೇನೆ. ನಮ್ಮ ಪೈಕಿಯವನೇ, ಬೀಡಿ ಕೂಡ ಸೇದುವುದಿಲ್ಲ. ಹಾಜರಿ, ರಜ, ಜುಲ್ಮಾನೆ ಎಲ್ಲ ಅವನು ನೋಡಿಕೊಳ್ಳುತ್ತಾನೆ. ನಿನಗೂ ಭಾರ ಕಡಿಮೆಯಾಗುತ್ತದೆ.

ನಿನ್ನ ತಮ್ಮ
ಶಿವಬಸಪ್ಪ

*

ರಾಜಾಜಿನಗರ
23 ಏಪ್ರಿಲ್ 1957

ಚಿ. ಶಿವಬಸಪ್ಪನಿಗೆ ಆಶೀರ್ವಾದ.

ಯುಗಾದಿಗೆ ಕಾಗದ ಬರೆಯಲಿಲ್ಲ ಅಂತ ಬೇಸರ ಮಾಡಿಕೊಂಡಿದ್ದೀಯಂತೆ. ಬರೆದಿದ್ದರೆ ಹಬ್ಬದ ದಿನ ಬೈದಂತಾಗುತ್ತಿತ್ತು.

ನಿನ್ನ ಕಾರ್ಖಾನೆ ಈಗ ಕಾರ್ಖಾನೆಯ ಹಾಗೆಯೇ ಕಾಣುತ್ತದೆ. ಸೋಮಲಿಂಗಪ್ಪ ಬಾಗಿಲಲ್ಲಿ ಒಂದು ತುಂಡು ರೈಲು ಕಂಬಿ ನೇತುಹಾಕಿದ್ದಾನೆ. ಎಂಟಕ್ಕೆ ಸರಿಯಾಗಿ ಬಾರಿಸುತ್ತಾನೆ. ಹೆಗ್ಗನಹಳ್ಳಿಯಿಂದ ನಡೆದು ಬರುವವರು ಅರ್ಧ ದಾರಿಯಿಂದಲೇ ಓಡಲು ಶುರುಮಾಡುತ್ತಾರಂತೆ. ಬೆವರಿ ಬಂದು ಕೂತ ಕೈಯಲ್ಲಿ ಬತ್ತಿ ನೆಟ್ಟಗೆ ಬರುತ್ತದೆಯೇ? ಮೇಲೆ ತಗಡಿನ ಸೂರು. ಮಧ್ಯಾಹ್ನಕ್ಕೆ ಹಿಟ್ಟೂ ಒಣಗುತ್ತದೆ, ಹೆಂಗಸರೂ ಒಣಗುತ್ತಾರೆ. ನೀರು ಕುಡಿಯಲು ಎದ್ದರೂ ಅವನು ತಲೆಯೆತ್ತಿ ನೋಡುತ್ತಾನೆ. ನೋಡಿದರೆ ನೋಡಲಿ ಅಂತ ಬೋರಮ್ಮ ದಿನಕ್ಕೆ ಹತ್ತು ಸಲ ನೀರು ಕುಡಿಯುತ್ತಾಳೆ, ಆ ಮಾತು ಬೇರೆ.

ನನ್ನನ್ನು ಕಾಡುತ್ತಿರುವುದು ಅದಲ್ಲ. ಈ ಹೆಂಗಸರು ಇದ್ದಕ್ಕಿದ್ದಂತೆ ತಪ್ಪಿಸಿಕೊಳ್ಳುತ್ತಾರೆ. ಈ ವಾರ ಒಬ್ಬಳು ಮೂರು ದಿನ ಇಲ್ಲ, ಮುಂದಿನ ವಾರ ಇನ್ನೊಬ್ಬಳು ಇಲ್ಲ. ಯಾಕೆ ಬರಲಿಲ್ಲ ಅಂತ ಸೋಮಲಿಂಗಪ್ಪ ಎಲ್ಲರೆದುರು ನಿಲ್ಲಿಸಿ ಕೇಳುತ್ತಾನೆ. ಅವರು ಬಾಯಿಗೆ ಬಂದದ್ದು ಹೇಳುತ್ತಾರೆ. ಎಮ್ಮೆ ಕರು ಹಾಕಿತು ಅನ್ನುತ್ತಾರೆ, ಕಾಲು ಉಳುಕಿತು ಅನ್ನುತ್ತಾರೆ. ಬೋರಮ್ಮನ ಅತ್ತೆಯಂತೂ ಯುಗಾದಿಯಿಂದೀಚೆಗೆ ಎರಡು ಸಲ ಸತ್ತಿದ್ದಾಳೆ. ಸೋಮಲಿಂಗಪ್ಪ ಜುಲ್ಮಾನೆ ಹಾಕಿದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪಾಪಮ್ಮನೂ ಹಾಗೇ ಮಾಡಿದಳು. ಆರು ವರ್ಷದಲ್ಲಿ ನನ್ನ ಹತ್ತಿರ ಒಂದು ಸುಳ್ಳು ಆಡಿದವಳಲ್ಲ. ಒಳಗೆ ಕರೆದು, "ಏನೇ ಪಾಪಮ್ಮ, ನನಗಾದರೂ ಹೇಳಬಾರದಾ?" ಅಂದೆ. ಅವಳು ನೆಲ ನೋಡಿಕೊಂಡು, "ಮನೇಲಿ ಕೆಲ್ಸ ಇತ್ತಮ್ಮ" ಅಂದಳು. ಕೆಲಸ ಇತ್ತು ಅನ್ನುವವಳ ಮುಖ ಹಾಗಿರುವುದಿಲ್ಲ. ಏನೋ ಇದೆ. ಮನೆಯಲ್ಲಿ ಹೊಸೆಯುತ್ತಿದ್ದಾಗ ಇರದ ಕಾಯಿಲೆ ಇಲ್ಲಿಗೆ ಬಂದ ಮೇಲೆ ಹೇಗೆ ಬಂತು? ನಿನ್ನ ಮೇಲೂ ಸಿಟ್ಟು ಬರುತ್ತದೆ, ಅವರ ಮೇಲೂ ಬರುತ್ತದೆ.

ಅಕ್ಕ

*

ದಾವಣಗೆರೆ
22 ಮೇ 1957

ಅಕ್ಕನಿಗೆ ನಮಸ್ಕಾರಗಳು.

ಸೋಮಲಿಂಗಪ್ಪ ಬರೆದದ್ದನ್ನು ನಿನಗೂ ತಿಳಿಸುತ್ತಿದ್ದೇನೆ. ಹೋದ ಗುರುವಾರ ಪಾಪಮ್ಮ ಬರಲಿಲ್ಲ. ಅತ್ತೆಗೆ ತೀರಾ ಜ್ವರ ಅಂತ ಹೇಳಿ ಕಳಿಸಿದ್ದಳಂತೆ. ಅವನು ಸೈಕಲ್ ತುಳಿದುಕೊಂಡು ಹೆಗ್ಗನಹಳ್ಳಿಗೇ ಹೋಗಿ ನೋಡಿದ್ದಾನೆ. ಅತ್ತೆ ಅಂಗಳದಲ್ಲಿ ನಿಂತು ಸೌದೆ ಸೀಳುತ್ತಿದ್ದಳಂತೆ. ಪಾಪಮ್ಮ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದಳಂತೆ. ಗಟ್ಟಿಮುಟ್ಟಾಗಿದ್ದಾಳೆ. "ಯಾಕೆ ಕೆಲಸಕ್ಕೆ ಬರಲಿಲ್ಲ?" ಅಂತ ಕೇಳಿದ್ದಕ್ಕೆ ಸೆರಗು ಮುಖಕ್ಕೆ ಎಳೆದುಕೊಂಡು ಗೋಡೆಯ ಹಿಂದೆ ಹೋದಳಂತೆ. ಬೀದಿಯವರೆಲ್ಲ ಸೇರಿದ್ದರಂತೆ.

ನೀನು ನಂಬಿದವಳ ಕಥೆ ಇದು. ಸರಿಯಾದ ಕಾರಣ ಹೇಳುವವರೆಗೆ ಅವಳನ್ನು ಒಳಗೆ ಬಿಡಬಾರದು ಅಂತ ಬರೆದಿದ್ದೇನೆ. ಮನೆಯಲ್ಲಿದ್ದಾಗ ಇವರು ಏನೇನು ಮಾಡುತ್ತಿದ್ದರೋ, ಅದನ್ನೀಗ ನೀನೇ ಊಹಿಸು.

ಶಿವಬಸಪ್ಪ

*

ರಾಜಾಜಿನಗರ
30 ಮೇ 1957

ಚಿ. ಸೌ. ಜಗದಾಂಬಾಗೆ ಕಮಲಾಕ್ಷಮ್ಮನ ಆಶೀರ್ವಾದಗಳು.

ಈ ಕಾಗದ ನಿನಗೆ. ನಿನ್ನ ಗಂಡನಿಗೆ ಬರೆಯಲು ಕೂತು ಎರಡು ಹಾಳೆ ಹರಿದೆ. ಅವನನ್ನು ಎತ್ತಿ ಆಡಿಸಿದವಳು ನಾನು, ಆದರೂ ಇದನ್ನು ಬರೆಯಲು ಕೈ ಬರಲಿಲ್ಲ. ನೀನು ಓದಿ, ನಿನ್ನ ಬಾಯಲ್ಲಿ ಹೇಗೆ ಹೇಳಬೇಕೋ ಹಾಗೆ ಹೇಳು.

ನಾನು ಮುನಿರಾಜುವಿನ ಗಾಡಿಯಲ್ಲಿ ಹೆಗ್ಗನಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಅವನು ಎತ್ತಿನ ಜೊತೆ ಮಾತಾಡಿದ, ನನ್ನ ಜೊತೆ ಆಡಲಿಲ್ಲ. ಪಾಪಮ್ಮ ಒಳಗಿದ್ದಳು, ಹೊರಗೆ ಬರಲಿಲ್ಲ. ಅವಳ ಅತ್ತೆ ಹನುಮಕ್ಕ ಜಗಲಿಯ ಮೇಲೆ ಚಾಪೆ ಹಾಕಿ ನನ್ನನ್ನು ಕೂರಿಸಿದಳು. ನಾನು ಕೋಪದಲ್ಲೇ ಕೇಳಿದೆ, ನಿನ್ನ ಸೊಸೆ ನನಗೆ ಯಾಕೆ ಸುಳ್ಳು ಹೇಳಿದಳು ಅಂತ. ಆ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು:

"ಏನಮ್ಮಾ ನೀವು, ಹೆಂಗಸಲ್ವಾ? ಮುಟ್ಟಾದ್ ಮೂರ್ ದಿನ ದ್ಯಾವ್ರಿಗೆ ಹಚ್ಚೋ ಕಡ್ಡಿ ಮುಟ್ತಾರಾ? ಮನೇಲಿ ಹೊಸೀತಿದ್ದಾಗ ಯಾರಾದ್ರೂ ಬಂದು ನೋಡ್ತಿದ್ರಾ? ಯಾರೂ ನೋಡ್ತಿರ್ಲಿಲ್ಲ, ನಮ್ಮಷ್ಟಕ್ಕೆ ನಾವೇ ಮಣೆ ಎತ್ತಿ ಮಡಗ್ತಿದ್ವಿ. ನಾಕ್ನೇ ದಿನ ತಲೆಗೆ ನೀರ್ ಹಾಕ್ಕೊಂಡು ಆಮ್ಯಾಕೆ ಕೂತ್ಕೋತಿದ್ವಿ. ಈಗ ಆವಯ್ಯ ಕಣ್ ಬಿಟ್ಕೊಂಡು ಬಾಗ್ಲಲ್ಲಿ ಕೂತವ್ನೆ. ಗಂಡಸ್ರ ಮುಂದೆ ಅದ್ನ ಹೇಳಕಾಯ್ತದಾ? ಹೇಳ್ದಿದ್ರೆ ಜುಲ್ಮಾನೆ. ಜುಲ್ಮಾನೆಗೆ ಹೆದ್ರಿ ಮುಟ್ಟಾದೋರೂ ಬಂದು ಹೊಸೀತಾವ್ರೆ, ಗೊತ್ತಾ ನಿಮ್ಗೆ?"

ಜಗದಾಂಬಾ, ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ನೀನೂ ನಾನೂ ಅವ್ವನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಸೂತಕ ಅನ್ನುವುದು ನಮಗಿಲ್ಲ, ಒಂದು ದಿನವೂ ಪೂಜೆ ಬಿಟ್ಟಿಲ್ಲ, ಒಲೆ ಬಿಟ್ಟಿಲ್ಲ. ಪಕ್ಕದ ಮನೆಯ ಸೊಸೆ ತಿಂಗಳಿಗೊಮ್ಮೆ ಹಿತ್ತಿಲ ಕೋಣೆಯಲ್ಲಿ ಕೂರುವುದನ್ನು ನೋಡಿದ್ದೇನೆ. ಅದಕ್ಕೂ ನನ್ನ ಊದುಬತ್ತಿಗೂ ಸಂಬಂಧವಿದೆ ಅಂತ ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ನಿನ್ನ ಗಂಡನಿಗೂ ಹೊಳೆಯಲಿಲ್ಲ, ಸೋಮಲಿಂಗಪ್ಪನಿಗೂ ಹೊಳೆಯಲಿಲ್ಲ.

ನನಗೆ ಆ ನಂಬಿಕೆ ಇಲ್ಲ, ಅದು ಬೇರೆ ವಿಷಯ. ಅವರಿಗಿದೆ. ಯಾರೂ ನೋಡದ ಕಡೆ, ಯಾರೂ ಹೇಳದೆ, ಸಂಪಾದನೆ ಬಿಟ್ಟು ಕೈ ಕಟ್ಟಿಕೊಂಡು ಕೂತರಲ್ಲ, ಅದಕ್ಕಿಂತ ದೊಡ್ಡ ಕಾವಲು ಯಾವುದಮ್ಮ? ನಾವು ಕಾವಲಿಗೆ ಒಬ್ಬನನ್ನು ತಂದು ಕೂರಿಸಿ ಆ ಕಾವಲನ್ನು ಕಿತ್ತು ಹಾಕಿದೆವು. ನಾಲ್ಕು ಹೆಂಗಸರು ಅಳುತ್ತ ಹೊಸೆದಿದ್ದಾರೆ. ಆ ಬತ್ತಿಗಳು ಎಲ್ಲೆಲ್ಲಿಗೆ ಹೋದವೋ ಅಂತ ಅವರಿಗೆ ನಿದ್ದೆ ಇಲ್ಲವಂತೆ.

ಅವನಿಗೆ ಸಮಾಧಾನವಾಗಿ ಹೇಳು. ಶೆಡ್ಡು ಮುಚ್ಚಿ ಮೊದಲಿನ ಹಾಗೆ ಬುಟ್ಟಿ ಕಳಿಸೋಣ. ಪಾಪಮ್ಮ ವಾಪಸು ಬರಬೇಕು. ನನಗೆ ಬೇಕಾದದ್ದು ಅಷ್ಟೇ.

ಕಮಲಾಕ್ಷಮ್ಮ

*

ದಾವಣಗೆರೆ
11 ಜೂನ್ 1957

ಅಕ್ಕಾವರಿಗೆ ಜಗದಾಂಬಾ ಮಾಡುವ ನಮಸ್ಕಾರಗಳು.

ಊಟಕ್ಕೆ ಕೂತಾಗ ಹೇಳಿದೆ. ನಿಮ್ಮ ತಮ್ಮ ನಕ್ಕರು. "ಇಷ್ಟೇನಾ? ಆ ಹೆಂಗಸರಿಗೆ ಅಕ್ಕ ತಿಳಿಸಿ ಹೇಳಲಿ, ಇದೆಲ್ಲ ಮೂಢನಂಬಿಕೆ ಅಂತ" ಅಂದರು. ನಾನು, "ಅವರು ನಂಬಿದ್ದನ್ನು ಬಿಡಿಸುವುದು ನಿಮ್ಮ ಕಾರ್ಖಾನೆ ಕೆಲಸವಾ?" ಅಂದೆ. ಮಾತು ಬೆಳೆಯಿತು. ಮಜ್ಜಿಗೆ ಅನ್ನ ಬಿಟ್ಟು ಎದ್ದರು.

ಒಂದು ದಾರಿ ಹುಡುಕಿದ್ದೇನೆ ಅನ್ನುತ್ತಿದ್ದಾರೆ. ಏನಂತ ನನಗೆ ಹೇಳಲಿಲ್ಲ. ನಿಮಗೇ ಬರೆಯುತ್ತಾರಂತೆ. ನನಗೆ ಯಾಕೋ ಧೈರ್ಯವಿಲ್ಲ ಅಕ್ಕಾ.

ಜಗದಾಂಬಾ

*

ದಾವಣಗೆರೆ
14 ಜೂನ್ 1957

ಅಕ್ಕನಿಗೆ ನಮಸ್ಕಾರಗಳು.

ವಿಷಯ ತಿಳಿಯಿತು. ನಾನು ಕಟುಕನಲ್ಲ. ತಿಂಗಳಿಗೆ ಮೂರು ದಿನ ರಜ ಕೊಡಲು ಒಪ್ಪಿದ್ದೇನೆ, ಜುಲ್ಮಾನೆಯೂ ಇಲ್ಲ. ಆದರೆ ಕೊಟ್ಟ ರಜವನ್ನು ದುರುಪಯೋಗ ಮಾಡಿಕೊಳ್ಳಬಾರದಲ್ಲ? ಹಾಗಾಗಿ ಅಂಥ ದಿನ ಅವರು ಸೋಮಲಿಂಗಪ್ಪನಿಗೆ ತಿಳಿಸಬೇಕು. ಅವನು ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಂಪು ಗುರುತು ಹಾಕಿ ತಿಂಗಳ ಕೊನೆಗೆ ನನಗೆ ಕಳಿಸುತ್ತಾನೆ. ಒಂದೇ ತಿಂಗಳಲ್ಲಿ ಎರಡು ಸಲ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಪಾಪಮ್ಮನನ್ನೂ ಇದೇ ಷರತ್ತಿನ ಮೇಲೆ ಸೇರಿಸಿಕೊಳ್ಳಬಹುದು.

ಇನ್ನೊಂದು ಮಾತು. ಎಲ್ಲರಿಗೂ ಒಂದೇ ಕಾನೂನು ಅಂತಾದರೆ ನೀನೂ ದಿನಾ ರುಜು ಹಾಕುವುದು ಒಳ್ಳೆಯದು. ಹೆಸರಿಗಷ್ಟೇ. ತಪ್ಪು ತಿಳಿಯಬೇಡ.

ಶಿವಬಸಪ್ಪ

*

ರಾಜಾಜಿನಗರ
1 ಜುಲೈ 1957

ಶಿವಬಸಪ್ಪ,

ಇಷ್ಟು ಬುದ್ಧಿವಂತ ನೀನು ಯಾವಾಗಿನಿಂದ ಆದೆಯೋ ನನಗೆ ತಿಳಿಯದು.

ನಾನೇ ಹೋಗಿ ಕರೆದೆ ಅಂತ ಪಾಪಮ್ಮ ಬಂದಳು. ಹತ್ತು ದಿನ ತಲೆ ಬಗ್ಗಿಸಿ ಹೊಸೆದಳು. ಅವಳು ಹೊಸೆದ ಬತ್ತಿಯನ್ನು ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಸಿಗುತ್ತದೆ, ತುದಿಯಿಂದ ಬುಡದವರೆಗೆ ಒಂದೇ ದಪ್ಪ. ನನಗೂ ಹಳ್ಳಿಯ ಹೆಂಗಸರಿಗೂ ಸೇತುವೆಯಂತೆ ಇದ್ದವಳು ಅವಳು, ಅವಳು ಬಂದದ್ದಕ್ಕೆ ಬೋರಮ್ಮನೂ ಮಿಕ್ಕವರೂ ಜೀವ ಬಂದವರ ಹಾಗೆ ಮಾತಾಡಿದರು. ಮೊನ್ನೆ ಬೆಳಿಗ್ಗೆ ಬಾಗಿಲವರೆಗೆ ಬಂದು ಒಳಗೆ ಬರದೆ ನಿಂತಳು. ನಾನು ಏಳುವಷ್ಟರಲ್ಲಿ ನಿನ್ನ ಸೋಮಲಿಂಗಪ್ಪ ಪುಸ್ತಕ ತೆಗೆದು, "ಏನಮ್ಮ, ಕೆಂಪು ಹಾಕ್ಲಾ?" ಅಂತ ಕೂಗಿ ಕೇಳಿದ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅದನ್ನೂ ಹೇಳುತ್ತೇನೆ. ನೀನು ಹೇಳಿದ್ದನ್ನು ಮಾಡಿದ. ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಮುನಿರಾಜು ಇದ್ದ, ಪಕ್ಕದ ಕಾರ್ಖಾನೆಗೆ ಹೋಗುತ್ತಿದ್ದ ಗಂಡಸರಿದ್ದರು. ಪಾಪಮ್ಮ ತಿರುಗಿ ಗಾಡಿ ಹತ್ತಿದಳು. ಮುನಿರಾಜು ನನ್ನ ಮುಖ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದಾದ ಮೇಲೆ ಸೋಮಲಿಂಗಪ್ಪ ಅದೇ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, "ಅಕ್ಕಾವ್ರೇ, ನಿಮ್ಮದೊಂದು ರುಜು" ಅಂದ.

ಹಾಕಲಿಲ್ಲ. ರುಜು ಹಾಕಿದ ಕಾಗದವನ್ನು ನಿನಗೇ ಕಳಿಸಿದ್ದೇನೆ, ಇದರ ಜೊತೆ ಇದೆ ನೋಡು.

ಕಮಲಾಕ್ಷಮ್ಮ

(ಜೊತೆಯಲ್ಲಿದ್ದ ಹಾಳೆ)

ಮಾಲೀಕರಾದ ಶ್ರೀ ಶಿವಬಸಪ್ಪನವರ ಸನ್ನಿಧಾನಕ್ಕೆ, ಊದುಬತ್ತಿ ಕಾರ್ಖಾನೆಯ ಕಮಲಾಕ್ಷಮ್ಮ, ಬೋರಮ್ಮ ಮತ್ತು ಈ ಕೆಳಗೆ ಹೆಬ್ಬೆಟ್ಟು ಒತ್ತಿರುವ ಎಲ್ಲ ಹೆಂಗಸರು ಮಾಡಿಕೊಳ್ಳುವ ಅರಿಕೆ.

ಸ್ವಾಮೀ, ನಮಗೆ ನಾಳೆಯಿಂದ ರಜ ಬೇಕು. ಎಷ್ಟು ದಿನ ಅಂತ ಈಗ ಹೇಳಲಾಗುವುದಿಲ್ಲ. ಕಾರಣ ಹೇಳುವುದಿಲ್ಲ.

ಶ್ರಾವಣ ಹತ್ತಿರ ಬಂತು, ಅಂಗಡಿಯವರು ಸರಕು ಕೇಳುತ್ತಿದ್ದಾರೆ ಅಂತ ತಮಗೆ ತಿಳಿದೇ ಇದೆ. ಹಿಟ್ಟು ಕಲಸಿಟ್ಟಿದೆ, ಮಣೆಗಳು ಸಾಲಾಗಿ ಇವೆ. ತಾವೂ ಸೋಮಲಿಂಗಪ್ಪನವರೂ ಕೂತು ಹೊಸೆಯಬಹುದು. ಗಂಟೆ ಎಂಟಕ್ಕೆ ಹೊಡೆಯುತ್ತಾರೆ.

ತಮ್ಮ ವಿಧೇಯ ನೌಕರಳು
ಕಮಲಾಕ್ಷಮ್ಮ

*

ದಾವಣಗೆರೆ
13 ಜುಲೈ 1957

ಅಕ್ಕಾ,

ನಿನ್ನ ಹಾಳೆ ನೋಡಿ ಮೊದಲು ಸಿಟ್ಟು ಬಂತು. ನನಗೆ ನೌಕರಳು ಅಂತ ರುಜು ಹಾಕಿದೆಯಲ್ಲ, ನಿನಗೆ ಹೇಗೆ ಮನಸ್ಸು ಬಂತು?

ಸೋಮಲಿಂಗಪ್ಪನಿಗೆ ವಾಪಸು ಬರಲು ಬರೆದಿದ್ದೇನೆ. ಪುಸ್ತಕ ಒಲೆಗೆ ಹಾಕು. ಬುಟ್ಟಿಗಳು ಮೊದಲಿನ ಹಾಗೆ ಹೋಗಲಿ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಅದರಲ್ಲಿ ಏನು ತಪ್ಪು ಅಂತ ಈಗಲೂ ನನಗೆ ಪೂರ್ತಿ ಅರ್ಥವಾಗಿಲ್ಲ. ಆದರೆ ಶ್ರಾವಣಕ್ಕೆ ಸರಕು ಬೇಕು, ಅಕ್ಕನೂ ಬೇಕು.

ಪಾಪಮ್ಮನನ್ನು ಕರೆಸಿಕೊ, ನಾನೇ ಹೇಳಿದೆ ಅಂತ ಹೇಳು. ಶ್ರಾವಣ ಸೋಮವಾರದ ಪೂಜೆಗೆ ಜಗದಾಂಬಾ ಅವಳು ಹೊಸೆದ ಬತ್ತಿಯೇ ಬೇಕು ಅನ್ನುತ್ತಿದ್ದಾಳೆ. ಕಳಿಸಿಕೊಡು.

ನಿನ್ನ ತಮ್ಮ
ಶಿವಬಸಪ್ಪ

*

ರಾಜಾಜಿನಗರ
29 ಜುಲೈ 1957

ಚಿ. ಶಿವಬಸಪ್ಪನಿಗೆ ಅಕ್ಕನ ಆಶೀರ್ವಾದ.

ಪುಸ್ತಕ ಸುಟ್ಟೆ. ರೈಲು ಕಂಬಿ ಇಳಿಸಿದೆ. ಶೆಡ್ಡಿನಲ್ಲಿ ಈಗ ಬಿದಿರು ಕಡ್ಡಿಯ ಹೊರೆಗಳಿವೆ. ಬುಟ್ಟಿ ಒಯ್ಯಲು ಬೈರಪ್ಪ ಅನ್ನುವವನ ಗಾಡಿ ಗೊತ್ತುಮಾಡಿದ್ದೇನೆ. ಮುನಿರಾಜು ಈಗ ಈ ರಸ್ತೆಗೆ ಬರುವುದಿಲ್ಲ, ಬ್ಯಾಡರಹಳ್ಳಿ ಕಡೆಯಿಂದ ಸುತ್ತಿಕೊಂಡು ಪೇಟೆಗೆ ಹೋಗುತ್ತಾನೆ.

ಬೋರಮ್ಮ ಮತ್ತು ಉಳಿದವರು ಮನೆಯಲ್ಲೇ ಹೊಸೆಯುತ್ತಿದ್ದಾರೆ. ಬೋರಮ್ಮನ ಅತ್ತೆ ಬದುಕಿದ್ದಾಳೆ, ಆರೋಗ್ಯವಾಗಿದ್ದಾಳೆ. ನೀನು ಗೆದ್ದೆನೋ ಸೋತೆನೋ ಅಂತ ಲೆಕ್ಕ ಹಾಕುತ್ತ ಕೂರಬೇಡ. ಅಂಗಡಿಯವರಿಗೆ ಸರಕು ಹೋಗುತ್ತಿದೆ.

ಪಾಪಮ್ಮನ ಮನೆಗೆ ಹೋಗಿದ್ದೆ. ನೀನು ಹೇಳಿದೆ ಅಂತಲೂ ಹೇಳಿದೆ. ಕಾಫಿ ಕೊಟ್ಟಳು, ಬೆಲ್ಲದ ಕಾಫಿ. ಮುಖದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಬೈಸಿಕೊಂಡು ಕರೆತರುತ್ತಿದ್ದೆ.

"ನಿಮ್ ಮೇಲೆ ನಂಗೇನೂ ಇಲ್ಲಮ್ಮ" ಅಂದಳು. "ನಾನ್ ಮೂರ್ ದಿನ ಹೊರ್ಗೆ ಕೂತ್ರೆ ಊರ್ಗೆಲ್ಲಾ ಗೊತ್ತಾಯ್ತದೆ. ಅದು ಊರು, ಅದ್ರಲ್ಲೇನೂ ಇಲ್ಲ. ದಾವಣಗೆರೇಲಿ ಯಾರೋ ಸಾಹುಕಾರ್ರಿಗೆ ಯಾಕಮ್ಮ ಗೊತ್ತಾಗ್ಬೇಕು? ಇನ್ಮ್ಯಾಕೆ ನನ್ ಬುಟ್ಟಿ ಮೂರ್ ದಿನ ತಡ ಆದ್ರೆ ಅವ್ರಿಗೆ ಗೊತ್ತಾಗ್ದೆ ಇರ್ತದಾ? ಪುಸ್ತ್ಕ ಸುಟ್ರೂ ಗೊತ್ತಾಗಿದ್ದು ಸುಡಲ್ಲ."

ನಿನ್ನ ಮನೆಗೆ ಆ ಸುದ್ದಿ ಬರೆದವಳು ನಾನೇ. ಅವಳ ಒಳ್ಳೆಯದಕ್ಕೇ ಬರೆದೆ. ನೀನೂ ನಿನ್ನ ಮನಸ್ಸಿನಲ್ಲಿ ಒಳ್ಳೆಯದಕ್ಕೇ ಮಾಡಿದ್ದೀಯ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಗಾಡಿ ಹತ್ತಿದೆ. ಅವಳು ತೊಳೆದು ಒಣಗಿಸಿಟ್ಟಿದ್ದ ಮಣೆಯನ್ನು ತಂದು ನನ್ನ ಕೈಗೇ ಕೊಟ್ಟಳು. ಅದು ಕಾರ್ಖಾನೆಯದು ಅಂತೆ.

ಜಗದಾಂಬಾ ಕೇಳಿದ ಬತ್ತಿ ಈ ಪಾರ್ಸಲಿನಲ್ಲಿದೆ. ಪಾಪಮ್ಮ ಹೊಸೆದದ್ದು ಇನ್ನು ಒಂದೇ ಕಟ್ಟು ಉಳಿದಿತ್ತು, ಅದನ್ನೇ ಕಳಿಸಿದ್ದೇನೆ. ನೋಡಿಕೊಂಡು ಹಚ್ಚಲಿ. ಮುಗಿದ ಮೇಲೆ ಮತ್ತೆ ಕೇಳಬೇಡಿ.

ನಿನ್ನ ಅಕ್ಕ
ಕಮಲಾಕ್ಷಮ್ಮ